ರಾಗಿಗೆ ಮರುಹುಟ್ಟು ನೀಡಿದ ವಿಜ್ಞಾನಿ

ಮಳೆರಾಯನ ಕೃಪೆ ಅತಿ ವಿರಳವಾದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕಡಲೆಕಾಯಿ ಕೈಗೆ ಕಾಸು ತಂದರೂ ಹೊಟ್ಟೆಗೆ ಆಧಾರ ರಾಗಿಮುದ್ದೆಯೇ. ಇಂತಹ ಬೆದ್ದಲುಸೀಮೆಗಳ ಬಡವನ ಅನ್ನಕ್ಕಾಗಿ ಬಾಳನ್ನು ಸವೆಸಿದವರು ಸಸ್ಯತಳಿ ವಿಜ್ಞಾನಿ ಸಿ. ಎಚ್. ಲಕ್ಷ್ಮಣಯ್ಯನವರು (1921–1993).

ಭತ್ತ, ಗೋಧಿಗಳಿಗೆ ದೊರೆತ ಆದರ ರಾಗಿಗೆ ದೊರೆತಿರಲಿಲ್ಲ. ಅದರ ತಳಿಯನ್ನು ತಿದ್ದುವುದೂ ಸುಲಭವಲ್ಲ. ರಾಗಿಯ ಹೂ ಅತಿ ಕಿರಿದು. ಗಂಡು ಹೆಣ್ಣುಗಳೆರಡೂ ಅದರಲ್ಲೇ ಇದ್ದು, ತನ್ನ ಪರಾಗದಿಂದಲೇ ಫಲಿಸಿಬಿಡುತ್ತದೆ. ಹೊರಗಿನ ಪರಾಗವನ್ನು ಅದಕ್ಕೆ ಒಪ್ಪಿಸುವುದು ಭಗೀರಥ ಪ್ರಯತ್ನವೇ ಸರಿ. ಅದರಲ್ಲಿ ಗೆದ್ದ ಲಕ್ಷ್ಮಣಯ್ಯನವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ರೈತರ ಕೈಗಿತ್ತರು.

ಮುಂದೆ ಮಂಡ್ಯದ ವಿ. ಸಿ. ಫಾರಂನಲ್ಲಿದ್ದಾಗ ಅವರ ದೃಷ್ಟಿ ಸಾಗರದಾಚೆಗೆ ಹರಿಯಿತು. ರಾಗಿಯ ತವರು ಪೂರ್ವ ಆಫ್ರಿಕ. ಅಲ್ಲಿಯ ರಾಗಿಯ ಗಟ್ಟಿ ಕಾಂಡ, ತುಂಬು ತೆನೆಗಳನ್ನು ನಮ್ಮ ರಾಗಿಯ ಗುಣಗಳೊಡನೆ ಅವರು ಬೆಸೆದರು. ಸಹಸ್ರಾರು ವರ್ಷ ಅಗಲಿದ್ದ ದಾಯಾದಿಗಳ ಈ ಮಿಲನದಿಂದ ಹುಟ್ಟಿದವೇ ‘ಇಂಡಾಫ್’ ತಳಿಗಳು. ಇಂಡಿಯ, ಆಫ್ರಿಕಗಳೆರಡೂ ಆ ಹೆಸರಿನಲ್ಲಿವೆ. ಹೊಲದ ಇಳುವರಿ ಏರಿತು, ಕಣಜ ತುಂಬಿತು.

ನಾಡು ಅವರನ್ನು ‘ರಾಗಿ ಬ್ರಹ್ಮ’ನೆಂದು ಕರೆಯಿತು. ಮುದ್ದೆ ಮುರಿಯುವ ಕೈಗಳಿಗೆ ಆ ಹೆಸರು ತಿಳಿಯದಿರಬಹುದು. ತುತ್ತಿನಲ್ಲಿ ಮಾತ್ರ ಅವರ ದುಡಿಮೆ ಬೆರೆತಿದೆ.