ಮೊಕದ್ದಮೆ ಗೆದ್ದ ಬೊಮ್ಮಾಯಿ, ಮರಳಿ ಸಿಗದ ಕುರ್ಚಿ

ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಬರುವ ಹೆಸರು ಎಸ್‌.ಆರ್‌. ಬೊಮ್ಮಾಯಿ. ಅವರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದದ್ದು ಎಂಟು ತಿಂಗಳ ಮೇಲೆ ಕೆಲವೇ ದಿನ. ಆ ಕುರ್ಚಿ ಹೋದ ರೀತಿಯನ್ನು ಮಾತ್ರ ಕಾನೂನು ಓದುವವರೆಲ್ಲ ಇಂದಿಗೂ ಓದಲೇಬೇಕು.

1989ರ ಏಪ್ರಿಲ್ 18. ಜನತಾದಳ ಬಿಟ್ಟ ಶಾಸಕರೊಬ್ಬರು 19 ಶಾಸಕರದ್ದೆನ್ನಲಾದ ಬೆಂಬಲ ವಾಪಸಾತಿ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗಿತ್ತರು. ಮರುದಿನವೇ ದೆಹಲಿಗೆ ವರದಿ ಹೋಯಿತು. 20ರಂದು ಆ 19 ಮಂದಿಯಲ್ಲಿ ಏಳು ಜನ ತಿರುಗಿಬಿದ್ದರು. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸಂಪುಟ ಅಂದೇ ಸೇರಿ, 27ಕ್ಕೆ ಅಧಿವೇಶನ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ರಾಜಭವನಕ್ಕೆ ಹೋಗಿ, ಬೇಕಿದ್ದರೆ ಇನ್ನೂ ಮೊದಲೇ ಬಹುಮತ ಸಾಬೀತುಪಡಿಸುತ್ತೇನೆ ಎಂದರು.

ರಾಜ್ಯಪಾಲರು ಕೇಳಲಿಲ್ಲ. ಏಳೂ ಪತ್ರ ಒತ್ತಡ ಹಾಕಿ ಬರೆಸಿದವು, ಕುದುರೆ ವ್ಯಾಪಾರ ನಡೆದಿದೆ ಎಂದು ಎರಡನೇ ವರದಿ ಕಳಿಸಿದರು. ಮೊದಲ 19 ಸಹಿಗಳನ್ನು ನಂಬಿದವರಿಗೆ ನಂತರದ ಏಳರ ಮೇಲೆ ಮಾತ್ರ ಗುಮಾನಿ! 21ರಂದು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು.

ಈ ವಿಧಿ ಬಳಕೆಯಾಗದೆ ಕಾಗದದ ಮೇಲೇ ಉಳಿಯಲಿ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಶಿಸಿದ್ದರು. ಆದದ್ದು ಬೇರೆ. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತೊಗೆಯಲು ಹೊರಟಾಗ ಸುಪ್ರೀಂ ಕೋರ್ಟ್ ತಡೆಯಲಿಲ್ಲ. ಬೊಮ್ಮಾಯಿಯವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ಕೂಡ ತಳ್ಳಿಹಾಕಿತು.

ಸುಪ್ರೀಂ ಕೋರ್ಟಿನಲ್ಲಿ ನಾಗಾಲ್ಯಾಂಡ್, ಮೇಘಾಲಯ ಮತ್ತು ಬಾಬರಿ ಮಸೀದಿ ಕೆಡವಿದ ಮೇಲೆ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಪ್ರಕರಣಗಳೂ ಜೊತೆಗೂಡಿದವು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ತಪ್ಪೆಂದು ಕಂಡರೆ ವಜಾಗೊಂಡ ಸರ್ಕಾರವನ್ನು ಮತ್ತೆ ಕೂರಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆ ವಿಸರ್ಜಿಸುವಂತಿಲ್ಲ. ಕರ್ನಾಟಕದ ಘೋಷಣೆ ಅಸಾಂವಿಧಾನಿಕ ಎನಿಸಿತು. ಬಿಜೆಪಿಯ ಮೂರು ಸರ್ಕಾರಗಳ ವಜಾ ಮಾತ್ರ ಊರ್ಜಿತವಾಯಿತು: ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂಬುದು ಕಾರಣ.

ಅಷ್ಟರಲ್ಲಿ ಕರ್ನಾಟಕದಲ್ಲಿ ಚುನಾವಣೆ ಮುಗಿದು ನಾಲ್ಕು ವರ್ಷ ದಾಟಿತ್ತು. ಗೆದ್ದ ಬೊಮ್ಮಾಯಿಯವರಿಗೆ ಸಿಕ್ಕಿದ್ದು ತೀರ್ಪಿನ ಪ್ರತಿ ಮಾತ್ರ. ಫಲ ಉಂಡವರು ಬೇರೆಯವರು. 2016ರಲ್ಲಿ ಉತ್ತರಾಖಂಡದ ಹರೀಶ್ ರಾವತ್ ಸದನದಲ್ಲಿ ಬಹುಮತ ತೋರಿಸಿ ಅಧಿಕಾರಕ್ಕೆ ಮರಳಿದರು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಸುಪ್ರೀಂ ಕೋರ್ಟ್ ಮೊಟಕುಗೊಳಿಸಿ, 19ರಂದೇ ವಿಶ್ವಾಸಮತಕ್ಕೆ ಆದೇಶಿಸಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು.

ರಾಜಭವನದ ಲೆಕ್ಕಾಚಾರಕ್ಕೆ ಕಡಿವಾಣ ಬಿತ್ತು, ನಿಜ. ಸದನದಲ್ಲಿ ತಲೆ ಎಣಿಸುವ ಮೊದಲು ಶಾಸಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿನಲ್ಲಿ ಕೂಡಿಹಾಕುವ ಚಾಳಿಗೆ ಯಾವ ಪೀಠವೂ ಮದ್ದು ಕಂಡುಹಿಡಿದಿಲ್ಲ. ಅದಕ್ಕೆ ಮದ್ದು ಇರುವುದು ಮತದಾರರ ಕೈಯಲ್ಲಿ. ನಾವೋ, ಪಕ್ಷ ಹಾರಿದವರನ್ನೇ ಉಪಚುನಾವಣೆಯಲ್ಲಿ ಮತ್ತೆ ಗೆಲ್ಲಿಸಿ ಕಳಿಸುತ್ತೇವೆ.