ಹಳೆಯ ಅಡೆಗಲ್ಲನ್ನು ಆರಿಸುವ ಬಗೆ

ಕಬ್ಬಿಣವನ್ನು ಕಾಯಿಸಿ, ಬಡಿದು, ಬೇಕಾದ ರೂಪಕ್ಕೆ ತರುವ ವಿದ್ಯೆ ಬಹು ಪುರಾತನವಾದುದು. ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರುತ್ತಿರುವ ಈ ಕಾಲದಲ್ಲಿಯೂ ಮನೆಯ ಹಿತ್ತಿಲಿನಲ್ಲಿ ಪುಟ್ಟದೊಂದು ಕಮ್ಮಾರಸಾಲೆಯನ್ನು ಹೂಡಬಯಸುವ ಹವ್ಯಾಸಿಗಳು ಇಲ್ಲದಿಲ್ಲ. ಹೊಸ ಉಪಕರಣಗಳಿಗೆ ಹಣ ಬಹಳ ಬೇಕು. ಹಳೆಯವು ಗುಜರಿ ಅಂಗಡಿಗಳಲ್ಲಿ, ಮುಚ್ಚಿದ ಕಾರ್ಖಾನೆಗಳ ಹರಾಜಿನಲ್ಲಿ, ಕೆಲಸ ನಿಲ್ಲಿಸಿದ ಕಮ್ಮಾರರ ಮನೆಗಳಲ್ಲಿ ದೊರೆಯುವುದುಂಟು. ಆದರೆ ತುಕ್ಕಿನ ಹೊದಿಕೆಯ ಒಳಗಿರುವುದು ಉತ್ತಮ ಉಕ್ಕೋ, ಕೆಲಸಕ್ಕೆ ಬಾರದ ಎರಕದ ಕಬ್ಬಿಣವೋ ಎಂಬುದನ್ನು ತಿಳಿಯುವುದು ಹೇಗೆ?

ಕುಲುಮೆಯ ಸಾಮಾನುಗಳಲ್ಲಿ ಅಡೆಗಲ್ಲೇ ಮುಖ್ಯ. ಅದು ಭಾರವಾಗಿರಬೇಕೇಕೆ? ಸುತ್ತಿಗೆಯ ಪೆಟ್ಟಿನ ಶಕ್ತಿಯಲ್ಲಿ ಒಂದು ಭಾಗ ಕಾದ ಕಬ್ಬಿಣದ ರೂಪವನ್ನು ಮಾರ್ಪಡಿಸುತ್ತದೆ. ಉಳಿದುದು ಅಡೆಗಲ್ಲನ್ನು ಅಲುಗಿಸುವುದರಲ್ಲಿ ವ್ಯರ್ಥವಾಗುತ್ತದೆ. ಸುತ್ತಿಗೆ ಪುಟಿಯಲಿಲ್ಲವೆಂದೂ, ಅಡೆಗಲ್ಲಿಗೆ ಬೇರೆ ಆಧಾರವಿಲ್ಲವೆಂದೂ ಭಾವಿಸಿ ಲೆಕ್ಕ ಹಾಕೋಣ. 1 ಕಿಲೋಗ್ರಾಂ ಸುತ್ತಿಗೆಯಿಂದ 5 ಕಿಲೋಗ್ರಾಂ ಅಡೆಗಲ್ಲಿನ ಮೇಲೆ ಹೊಡೆದರೆ ಶಕ್ತಿಯ ಆರರಲ್ಲೊಂದು ಪಾಲು, ಎಂದರೆ ನೂರಕ್ಕೆ ಸುಮಾರು 17ರಷ್ಟು ನಷ್ಟ. ಅಡೆಗಲ್ಲು 50 ಕಿಲೋಗ್ರಾಂ ಇದ್ದರೆ ನಷ್ಟ 51ರಲ್ಲೊಂದು ಪಾಲು ಮಾತ್ರ. ನೂರಕ್ಕೆ ಸುಮಾರು 2. ಹಗುರವಾದ ಅಡೆಗಲ್ಲು ತೋಳಿನ ಬಲವನ್ನು ಹೀಗೆ ಕದಿಯುತ್ತದೆ.

ಭಾರವೊಂದೇ ಸಾಲದು, ಮುಖ ಗಡುಸಾಗಿರಬೇಕು. ಬೇರಿಂಗಿನ ಉಕ್ಕಿನ ಗುಂಡೊಂದನ್ನು 25 ಸೆಂಟಿಮೀಟರ್ ಎತ್ತರದಿಂದ ಅಡೆಗಲ್ಲಿನ ಮೇಲೆ ಬಿಡಿ. ಅದು 18 ಸೆಂಟಿಮೀಟರಿಗೂ ಮಿಕ್ಕಿ ಪುಟಿದರೆ ಮುಖ ಒಳ್ಳೆಯದು. ಮೆತ್ತನೆಯ ಲೋಹ ಪೆಟ್ಟಿಗೆ ತಗ್ಗಿ ಶಕ್ತಿಯನ್ನು ನುಂಗುವುದರಿಂದ ಗುಂಡು ಸೋತು ಬೀಳುತ್ತದೆ. ಒಂದೆರಡು ಕಡೆ ಮಾತ್ರವಲ್ಲದೆ ಮುಖದ ಉದ್ದಕ್ಕೂ ಹೀಗೆ ನೋಡತಕ್ಕದ್ದು. ಬೆಂಕಿ ಅನಾಹುತದಲ್ಲಿ ಸಿಕ್ಕಿದ ಅಡೆಗಲ್ಲು ನೋಟಕ್ಕೆ ಸರಿಯಾಗಿದ್ದರೂ ಹದ ಕಳೆದುಕೊಂಡಿರುವುದುಂಟು. ಮೂಲೆಯಲ್ಲಿ ಅರವನ್ನು ಆಡಿಸಿದರೆ ಗುಟ್ಟು ಬಯಲಾಗುತ್ತದೆ: ಗಡುಸಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ.

ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಬಿರುಕಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಆದರೆ ನಾದವನ್ನೇ ನಂಬಲಾಗದು. ಅಮೆರಿಕದ ಫಿಷರ್ ಅಡೆಗಲ್ಲುಗಳ ಒಡಲು ಎರಕದ್ದು, ಮುಖ ಉಕ್ಕಿನದು. ಅವು ನಾದ ಮಾಡದಿದ್ದರೂ ಉತ್ತಮವಾದುವು. ಹಳೆಯ ಅಡೆಗಲ್ಲುಗಳಲ್ಲಿ ಅನೇಕಕ್ಕೆ ಮೆದು ಕಬ್ಬಿಣದ ಒಡಲಿನ ಮೇಲೆ ತೆಳುವಾದ ಉಕ್ಕಿನ ಹಲಗೆಯನ್ನು ಬೆಸೆದಿರುತ್ತಾರೆ. ಹೊಳಪಿನ ಆಸೆಯಿಂದ ಮುಖವನ್ನು ಸಾಣೆ ಹಿಡಿಸಿದರೆ ಆ ಉಕ್ಕೇ ಸವೆದುಹೋಗುವುದೆಂಬುದನ್ನು ಮರೆಯಬಾರದು.

ಇಂಗ್ಲೆಂಡಿನ ಹಳೆಯ ಅಡೆಗಲ್ಲುಗಳ ಪಕ್ಕೆಯಲ್ಲಿ ಮೂರು ಅಂಕೆಗಳನ್ನು ಕೆತ್ತಿರುತ್ತಾರೆ. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು ಅದರ ಕಾಲು ಭಾಗವಾದ 28 ಪೌಂಡು, ಮೂರನೆಯದು ಬಿಡಿ ಪೌಂಡು. 1-2-10 ಎಂದಿದ್ದರೆ 112, 56, 10 ಸೇರಿ 178 ಪೌಂಡು. ಎಂದರೆ ಸುಮಾರು 81 ಕಿಲೋಗ್ರಾಂ.

ಅಡೆಗಲ್ಲು ದೊರೆಯದವರಿಗೆ ರೈಲು ಕಂಬಿಯ ತುಂಡು ಸಾಕು. ಮೀಟರಿಗೆ 60 ಕಿಲೋಗ್ರಾಂ ತೂಗುವ ಕಂಬಿಯ ಅರ್ಧ ಮೀಟರು 30 ಕಿಲೋಗ್ರಾಂ ಆಗುತ್ತದೆ. ಅದನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ ತುದಿಯ ಮೇಲೆ ಬಡಿದರೆ ತೂಕವೆಲ್ಲ ಪೆಟ್ಟಿನ ನೇರಕ್ಕೆ ಬರುತ್ತದೆ. ಆದರೆ ಕಳವಿನ ರೈಲ್ವೆ ಸೊತ್ತನ್ನು ಇಟ್ಟುಕೊಳ್ಳುವುದು 1966ರ ಕಾಯಿದೆಯಂತೆ ಅಪರಾಧ, ರಸೀದಿಯಿಲ್ಲದೆ ಕೊಳ್ಳಬಾರದು.

ಉಳಿದವುಗಳ ವಿಚಾರ ಸುಲಭ. ವೈಸಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ ನೋಡಬೇಕು. ತಿದಿಯ ಚರ್ಮ ಬಿರಿದಿದ್ದರೆ ಹೊಸದನ್ನು ಹೊದಿಸಬಹುದು. ಇಕ್ಕಳಗಳನ್ನು ತಾವೇ ಬಡಿದುಕೊಳ್ಳಬಹುದು. ತಲೆ ಅಣಬೆಯಂತೆ ಅರಳಿದ ಉಳಿ, ಸುತ್ತಿಗೆಗಳನ್ನು ಮಾತ್ರ ಉಜ್ಜಿ ಸರಿಪಡಿಸದೆ ಬಳಸಕೂಡದು. ಅಂಚಿನ ಚೂರು ಸಿಡಿದು ಕಣ್ಣನ್ನು ಕಳೆಯಬಲ್ಲುದು.

ಕಮ್ಮಾರರ ಮನೆಯಲ್ಲಿ ಕೊಳ್ಳುವವರು ಗುಜರಿಯ ತೂಕದ ಬೆಲೆಗಿಂತ ಹೆಚ್ಚು ಕೊಡುವುದು ನ್ಯಾಯ. ಕರಗುವ ಮೂಸೆಗೆ ಹೋಗಲಿದ್ದ ಅಡೆಗಲ್ಲು ಉಳಿಯುವುದರ ಜೊತೆಗೆ, ಅದನ್ನು ಬಳಸಿದ ಹಿರಿಯರಿಂದ ಕಬ್ಬಿಣದ ಬಣ್ಣ ನೋಡಿ ಹದವರಿಯುವ ಪಾಠವೂ ದೊರೆಯಬಹುದು. ಆ ಪಾಠ ಯಾವ ಹರಾಜಿನಲ್ಲಿಯೂ ಮಾರಾಟಕ್ಕಿಲ್ಲ.