ಕೂಸಿನ ತಪಾಸಣೆಯ ದಿನ

ಮಗುವನ್ನು ನೋಡಲು ಬಾಣಂತಿಯ ಮನೆಗೆ ಬಂದವರೆಲ್ಲರೂ ಒಂದಲ್ಲ ಒಂದು ತೀರ್ಪನ್ನು ಕೊಟ್ಟೇ ಹೋಗುತ್ತಾರೆ. "ಅಯ್ಯೋ, ಯಾಕಿಷ್ಟು ಸಣಕಲು?" ಎನ್ನುವವರು ಒಬ್ಬರು, "ನಮ್ಮ ಮೊಮ್ಮಗಳು ಇಷ್ಟು ಹೊತ್ತಿಗೆ ಮಗುಚಿಕೊಳ್ಳುತ್ತಿದ್ದಳು" ಎನ್ನುವವರು ಇನ್ನೊಬ್ಬರು. ಈ ಮಾತುಗಳನ್ನು ಕೇಳಿ ಕೇಳಿ ಹೊಸ ತಾಯಿಯ ಮನಸ್ಸು ಅಳುಕುತ್ತದೆ. ವೈದ್ಯರಲ್ಲಿಗೆ ಹೋಗುವ ದಿನ ಬಂದಿತೆಂದರೆ, ತಾನೇ ಪರೀಕ್ಷೆಗೆ ಕುಳಿತುಕೊಳ್ಳುವವಳಂತೆ ಆಕೆಯ ಎದೆ ಡವಗುಟ್ಟುತ್ತದೆ.

ಆದರೆ ಈ ತಪಾಸಣೆಯಲ್ಲಿ ತೇರ್ಗಡೆಯೂ ಇಲ್ಲ, ನಪಾಸೂ ಇಲ್ಲ. ಬೆಳೆಯುವ ಪೈರನ್ನು ಮೊಳಕೆಯಲ್ಲಿ ನೋಡು ಎಂದು ಹಿರಿಯರು ಹೇಳುತ್ತಾರಲ್ಲವೆ? ಕೂಸು ತನ್ನ ದಾರಿಯಲ್ಲಿ ತಾನು ಸರಿಯಾಗಿ ಸಾಗುತ್ತಿದೆಯೇ ಎಂದು ನೋಡುವುದು, ಎಲ್ಲಿಯಾದರೂ ತೊಡಕಿದ್ದರೆ ಅದನ್ನು ಕಾಲ ಮೀರುವ ಮೊದಲೇ ಕಂಡುಹಿಡಿಯುವುದು, ಇವೆರಡೇ ಇದರ ಉದ್ದೇಶ.

ಯಾವಾಗ ಹೋಗಬೇಕು?

ನಮ್ಮ ದೇಶದ ಲಸಿಕೆಯ ಪಟ್ಟಿಯಂತೆ ಹುಟ್ಟಿದ ಕೂಡಲೇ ಕ್ಷಯರೋಗದ ವಿರುದ್ಧ ಬಿ.ಸಿ.ಜಿ., ಪೋಲಿಯೋ ಹನಿ, ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್-ಬಿ ಲಸಿಕೆ ಇವುಗಳನ್ನು ಕೊಡುತ್ತಾರೆ. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ, ಬಳಿಕ 9 ತಿಂಗಳು ತುಂಬಿದಾಗ ಮತ್ತೆ ಲಸಿಕೆಗಳುಂಟು. ಚುಚ್ಚುಮದ್ದಿಗೆಂದು ಹೋಗುವ ಈ ದಿನಗಳನ್ನೇ ಬೆಳವಣಿಗೆಯ ತಪಾಸಣೆಗೂ ಬಳಸಿಕೊಳ್ಳುವುದು ಜಾಣತನ. ಸೂಜಿ ಚುಚ್ಚಿಸಿಕೊಂಡು ಅವಸರದಿಂದ ಹಿಂತಿರುಗದೆ, "ಮಗುವಿನ ಬೆಳವಣಿಗೆಯನ್ನೂ ಒಮ್ಮೆ ನೋಡಿ ಡಾಕ್ಟರೇ" ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. 6 ತಿಂಗಳು ಮತ್ತು ಒಂದು ವರ್ಷ ತುಂಬಿದಾಗಲೂ ಒಮ್ಮೆ ತೋರಿಸುವುದು ಲೇಸು.

ತಕ್ಕಡಿ ಮತ್ತು ಅಳತೆಯ ಪಟ್ಟಿ

ಮೊದಲು ಕೂಸಿನ ಬಟ್ಟೆ ಬಿಚ್ಚಿಸಿ ತೂಗುತ್ತಾರೆ. ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆಯುತ್ತಾರೆ. ಹುಟ್ಟಿದ ಮೊದಲ ವಾರದಲ್ಲಿ ಮಗುವಿನ ತೂಕ ತುಸು ಇಳಿಯುವುದು ಸಹಜ. ಎರಡು ವಾರಗಳ ಹೊತ್ತಿಗೆ ಅದು ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರುತ್ತದೆ. ಅನಂತರದ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂನಷ್ಟು ಏರುತ್ತದೆ. ಸುಮಾರು ಐದು ತಿಂಗಳಿಗೆ ಹುಟ್ಟಿದಾಗಿನ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಎಂಬುದು ಸ್ಥೂಲವಾದ ಲೆಕ್ಕ.

ಈ ಅಂಕಿಗಳನ್ನು ತಾಯಿ ಕಾರ್ಡಿನಲ್ಲಿರುವ ನಕ್ಷೆಯಲ್ಲಿ ಚುಕ್ಕಿಯಾಗಿ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡ ಈ ನಕ್ಷೆಗೆ ಆಧಾರ. ಅದು ಪರದೇಶದ ಮಕ್ಕಳಿಗೆ ಮಾತ್ರ ಒಪ್ಪುವುದೆಂದು ತಿಳಿಯಬೇಡಿ. ಬ್ರೆಜಿಲ್, ಘಾನಾ, ನಾರ್ವೆ, ಓಮಾನ್, ಅಮೆರಿಕಗಳ ಮಕ್ಕಳೊಂದಿಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದು ಅದನ್ನು ಸಿದ್ಧಪಡಿಸಲಾಯಿತು.

ಇಲ್ಲಿ ಮುಖ್ಯವಾದುದು ಒಂದು ಚುಕ್ಕಿಯಲ್ಲ, ಚುಕ್ಕಿಗಳನ್ನು ಕೂಡಿಸಿದ ಗೆರೆ. ಸಣ್ಣ ಮೈಕಟ್ಟಿನ ಕೂಸು ಕೆಳಗಿನ ಗೆರೆಯಲ್ಲಿಯೇ ಸಮನಾಗಿ ಏರುತ್ತಿದ್ದರೆ ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಮೇಲಿನ ಗೆರೆಯಲ್ಲಿದ್ದ ಗುಂಡು ಕೂಸು ಎರಡು ತಿಂಗಳು ನಿಂತಲ್ಲೇ ನಿಂತರೆ ವೈದ್ಯರು ಕಾರಣವನ್ನು ಹುಡುಕುತ್ತಾರೆ. ನೆರೆಮನೆಯ ಮಗುವಿನೊಡನೆ ಹೋಲಿಸುವ ಅಭ್ಯಾಸ ಎಷ್ಟು ನಿರರ್ಥಕವೆಂಬುದು ಇದರಿಂದ ತಿಳಿಯುತ್ತದೆ.

ಅಡಿಯಿಂದ ಮುಡಿಯವರೆಗೆ

ಬಳಿಕ ವೈದ್ಯರು ಕೂಸನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಾರೆ. ನೆತ್ತಿಯ ಮೆತ್ತನೆಯ ಭಾಗವನ್ನು ಮುಟ್ಟಿನೋಡುತ್ತಾರೆ. ಅದು ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಹರಳೆಣ್ಣೆಯ ಹಂಗಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ಪಾಪೆಯಲ್ಲಿ ಕೆಂಪು ಹೊಳಪು ಕಾಣುವುದೇ ಎಂದು ನೋಡುತ್ತಾರೆ. ಅಲ್ಲಿ ಬಿಳುಪು ಕಂಡರೆ ಪೊರೆಯೋ ಮತ್ತಾವುದೋ ತೊಂದರೆ ಇರಬಹುದು. ಹೃದಯದ ಬಡಿತವನ್ನು ಆಲಿಸುತ್ತಾರೆ. ಗಂಡುಮಗುವಾದರೆ ವೃಷಣಗಳು ಕೆಳಗಿಳಿದಿವೆಯೇ ಎಂದು ಪರೀಕ್ಷಿಸುತ್ತಾರೆ.

ಎರಡು ತೊಡೆಗಳನ್ನೂ ಮಡಿಸಿ ಹೊರಕ್ಕೆ ಅಗಲಿಸಿದಾಗ ಕೆಲವು ಅಜ್ಜಿಯರು ಹೌಹಾರುವುದುಂಟು. ಹೆದರಬೇಡಿ. ಸೊಂಟದ ಕೀಲು ತನ್ನ ಗುಳಿಯಲ್ಲಿ ಸರಿಯಾಗಿ ಕುಳಿತಿದೆಯೇ ಎಂಬುದನ್ನು ತಿಳಿಯುವ ಬಗೆ ಅದು. ಎಳೆಯ ತಿಂಗಳುಗಳಲ್ಲಿ ಈ ದೋಷವನ್ನು ಪಟ್ಟಿ ಕಟ್ಟಿಯೇ ಸರಿಪಡಿಸಬಹುದು. ಮಗು ನಡೆಯತೊಡಗಿದ ಮೇಲೆ ತಿಳಿದುಬಂದರೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಕೂಸಿನ ಕಾಲುಗಳನ್ನು ನೀಳವಾಗಿ ಎಳೆದು ಬಿಗಿಯಾಗಿ ಸುತ್ತುವ ಪದ್ಧತಿಯೂ ಈ ಕೀಲಿಗೆ ಒಳ್ಳೆಯದಲ್ಲ.

ಆಟದ ರೂಪದ ಪರೀಕ್ಷೆ

ಅನಂತರ ವೈದ್ಯರು ಮಗುವಿನೊಡನೆ ಆಟವಾಡುತ್ತಿರುವಂತೆ ಕಾಣುತ್ತದೆ. ಕೆಂಪು ಚೆಂಡೊಂದನ್ನು ಅತ್ತಿತ್ತ ಆಡಿಸುತ್ತಾರೆ, ಗಿಲಕಿ ಅಲ್ಲಾಡಿಸುತ್ತಾರೆ, ಕೈಹಿಡಿದು ಮೆಲ್ಲನೆ ಎಬ್ಬಿಸುತ್ತಾರೆ, ನಗಿಸುತ್ತಾರೆ. ಆ ಆಟದಲ್ಲಿಯೇ ಅವರು ದೇಹದ ಚಲನೆ, ಕೈಬೆರಳುಗಳ ಕೆಲಸ, ಕೇಳುವಿಕೆ ಮತ್ತು ಮಾತು, ಜನರೊಡನೆ ಬೆರೆಯುವಿಕೆ ಎಂಬ ನಾಲ್ಕು ಬಗೆಯ ಬೆಳವಣಿಗೆಯನ್ನು ಅಳೆಯುತ್ತಿರುತ್ತಾರೆ.

ಎರಡು ತಿಂಗಳ ಕೂಸು ತಾಯಿಯ ಮುಖ ನೋಡಿ ನಗುತ್ತದೆ. ನಾಲ್ಕಕ್ಕೆ ಕತ್ತು ನಿಲ್ಲುತ್ತದೆ. ಆರರ ಆಸುಪಾಸಿನಲ್ಲಿ ಮಗುಚಿಕೊಂಡು, ಕೈಗೆಟುಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಒಂಬತ್ತರ ಹೊತ್ತಿಗೆ ಆಸರೆಯಿಲ್ಲದೆ ಕುಳಿತು, "ಬಬಬ", "ದದದ" ಎಂದು ತೊದಲುತ್ತದೆ. ಹೊಸಬರನ್ನು ಕಂಡು ಅಳುವುದೂ ಆಗಲೇ. ಅದು ಹಟವಲ್ಲ, ತನ್ನವರು ಯಾರೆಂಬುದನ್ನು ಕೂಸು ಅರಿತುಕೊಂಡ ಕುರುಹು. ಹುಟ್ಟುಹಬ್ಬದ ಆಸುಪಾಸಿನಲ್ಲಿ ಹೆಬ್ಬೆರಳು ತೋರುಬೆರಳುಗಳಿಂದ ಅಕ್ಕಿಕಾಳನ್ನು ಹೆಕ್ಕಿ, ಒಂದೆರಡು ಅರ್ಥವುಳ್ಳ ಮಾತುಗಳನ್ನಾಡುತ್ತದೆ.

ಇವೆಲ್ಲ ಪಂಚಾಂಗದ ತಿಥಿಗಳಂತೆ ತಪ್ಪದೆ ಬರುವಂಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು 8ನೆಯ ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗಿನ ಯಾವ ಸಮಯದಲ್ಲಾದರೂ ನಡೆಯತೊಡಗಬಹುದೆಂದು ಕಂಡುಬಂದಿತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡುವುದನ್ನೇ ಬಿಟ್ಟು ನೇರವಾಗಿ ಎದ್ದು ನಿಂತರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ವಯಸ್ಸನ್ನು ಹೆರಿಗೆಗೆ ನಿಗದಿಯಾಗಿದ್ದ ದಿನದಿಂದ ಲೆಕ್ಕ ಹಾಕಬೇಕು. ಎರಡು ವರ್ಷದವರೆಗೂ ಇದೇ ಲೆಕ್ಕ. ಬೇಗ ನಡೆಯಲೆಂದು ಚಕ್ರದ ವಾಕರಿನಲ್ಲಿ ಕೂರಿಸುವುದರಿಂದ ನಡಿಗೆಯೇನೂ ಬೇಗ ಬಾರದು, ಬೀಳುವ ಅಪಾಯವೇ ಹೆಚ್ಚು. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು.

ಕಾದು ನೋಡಬಾರದ ಸಂಗತಿಗಳು

ಹಾಗಾದರೆ ಎಲ್ಲಕ್ಕೂ ಸುಮ್ಮನೆ ಕಾಯುತ್ತ ಕೂರಬಹುದೆ? ಅದೂ ಸಲ್ಲದು. ಮೂರು ತಿಂಗಳಾದರೂ ನಗದಿರುವುದು, ಐದಾದರೂ ಕತ್ತು ನಿಲ್ಲದಿರುವುದು, ಆರಾದರೂ ಸದ್ದಿನ ಕಡೆಗೆ ತಿರುಗದಿರುವುದು, ಒಂಬತ್ತಾದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮರೆತಂತಿರುವುದು, ಕಲಿತ ವಿದ್ಯೆಯನ್ನು ಯಾವ ವಯಸ್ಸಿನಲ್ಲೇ ಆಗಲಿ ಕಳೆದುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಲಸಿಕೆಯ ದಿನಕ್ಕಾಗಿ ಕಾಯಬಾರದು.

"ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ತಾನಾಗಿ ಬರುತ್ತದೆ ಬಿಡು" ಎಂಬ ಸಮಾಧಾನದ ಮಾತು ನಮ್ಮ ಮನೆಗಳಲ್ಲಿ ಬಹಳ. ಎಷ್ಟೋ ಮಕ್ಕಳ ಕಿವುಡುತನ ಈ ಮಾತಿನ ಮರೆಯಲ್ಲಿಯೇ ಅಡಗಿ ಕುಳಿತಿರುತ್ತದೆ. ಹುಟ್ಟುಕಿವುಡಾದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ನಗುತ್ತದೆ, ಕೇಕೆ ಹಾಕುತ್ತದೆ. ಹಿಂದಿನಿಂದ ತಟ್ಟೆ ಬಡಿದು ಪರೀಕ್ಷಿಸುವುದೂ ನೆಚ್ಚತಕ್ಕದ್ದಲ್ಲ. ನೆಲದ ಕಂಪನಕ್ಕೋ ನೆರಳಿನ ಚಲನೆಗೋ ಮಗು ತಿರುಗಿರಬಹುದು.

ಕೂಸು ನಿದ್ರಿಸುತ್ತಿರುವಾಗ ಕಿವಿಯಲ್ಲಿ ಮೆತ್ತನೆಯ ಚಿಕ್ಕ ಬಿರಡೆಯನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಶ್ರವಣಶಕ್ತಿಯನ್ನು ಪರೀಕ್ಷಿಸುವ ಯಂತ್ರ ಈಗ ಉಂಟು. ಮೊದಲ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಕಿವುಡೆಂದು ನಿರ್ಧರಿಸಬೇಕಾಗಿಲ್ಲ. ಕಿವಿಯಲ್ಲಿ ಉಳಿದ ದ್ರವದಿಂದಲೂ ಹಾಗಾಗುವುದುಂಟು. ಆದರೆ ಮರುಪರೀಕ್ಷೆಯನ್ನು ತಪ್ಪಿಸಕೂಡದು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರರೊಳಗೆ ಖಚಿತವಾದ ನಿರ್ಣಯ, ಆರರೊಳಗೆ ಶ್ರವಣಯಂತ್ರ ಮತ್ತು ತರಬೇತಿ ಎಂಬುದು ತಜ್ಞರ ಸೂತ್ರ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಯ ಮಕ್ಕಳಿಗೆ ಇಂತಹ ಪರೀಕ್ಷೆಯೂ ತರಬೇತಿಯೂ ದೊರೆಯುತ್ತವೆ.

ಥೈರಾಯ್ಡ್ ಗ್ರಂಥಿಯ ಕೊರತೆಯೂ ಇಂಥದೇ. ಹುಟ್ಟಿದಾಗ ಬಹುಮಟ್ಟಿಗೆ ಯಾವ ಲಕ್ಷಣವೂ ಕಾಣದು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಅದನ್ನು ಹೊರಗೆಡಹುತ್ತದೆ. ಎರಡು ವಾರಗಳೊಳಗೆ ಮಾತ್ರೆ ಆರಂಭಿಸಿದರೆ ಮಗುವಿನ ಬುದ್ಧಿ ಸಾಮಾನ್ಯವಾಗಿ ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಆದ ನಷ್ಟವನ್ನು ತುಂಬಿಕೊಡಲು ಯಾವ ವೈದ್ಯನಿಂದಲೂ ಆಗದು. ಆಸ್ಪತ್ರೆಯಿಂದ ಮನೆಗೆ ಹೊರಡುವಾಗಲೇ "ಈ ಪರೀಕ್ಷೆ ಆಗಿದೆಯೆ?" ಎಂದು ತಂದೆ ಕೇಳಿ ತಿಳಿಯತಕ್ಕದ್ದು.

ದೋಷವಿದೆಯೆಂದು ತಿಳಿದರೆ ಖರ್ಚಿನ ಗತಿಯೇನೆಂದು ಕಂಗಾಲಾಗಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೂ ಮುಂದಿನ ಚಿಕಿತ್ಸೆಗೂ ಸರ್ಕಾರದ ಏರ್ಪಾಡಿದೆ.

ತಾಯಿಯ ಮಾತಿಗೆ ಬೆಲೆಯುಂಟು

ವೈದ್ಯರು ಮಗುವನ್ನು ಕಾಣುವುದು ಹತ್ತು ನಿಮಿಷ. ತಾಯಿ ಕಾಣುವುದು ಹಗಲಿರುಳು. "ಯಾಕೋ ಮಗು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ" ಎಂದು ಆಕೆ ಹೇಳಿದರೆ ಅದು ಯಂತ್ರದ ಅಳತೆಗಿಂತ ಕಡಿಮೆಯಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಾಯಿ ಕಾರ್ಡು, ಆಸ್ಪತ್ರೆಯ ಕಾಗದಗಳು, ಒಂದು ಜೊತೆ ಬಟ್ಟೆ ಜೊತೆಗಿರಲಿ. ಕೂಸು ಹಾಲು ಕುಡಿದು, ನಿದ್ದೆ ಮುಗಿಸಿ ಗೆಲುವಾಗಿರುವ ಹೊತ್ತನ್ನು ಆರಿಸಿಕೊಳ್ಳಿ. ಬಜೆ ತೇದು ನೆಕ್ಕಿಸುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಮುಂತಾದವು ಮನೆಯಲ್ಲಿ ನಡೆಯುತ್ತಿದ್ದರೆ ಮುಚ್ಚಿಡದೆ ಹೇಳಿ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆಂದು ಅವರು ಹೇಳಿದರೆ, ಆ ಮಾತನ್ನು ಅಜ್ಜಿಯೂ ಕೇಳಿಸಿಕೊಳ್ಳುವಂತಿರಲಿ. ಆದುದರಿಂದ ಅವರನ್ನೂ ಜೊತೆಯಲ್ಲಿ ಕರೆದೊಯ್ಯುವುದು ಮೇಲು.

ತಾಯಿಯ ಆರೋಗ್ಯದ ಮಾತೂ ಅಲ್ಲಿಯೇ ಬರಲಿ. ಕಾರಣವಿಲ್ಲದೆ ಅಳು, ನಿದ್ದೆಗೇಡಿತನ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿ ಉಳಿದರೆ ಅದು ಬಾಣಂತಿಯ ಸೊಕ್ಕಲ್ಲ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ.

ಮನೆಗೆ ಬಂದ ಮೇಲೆ ಸೂಜಿ ಚುಚ್ಚಿದ ತೊಡೆ ತುಸು ಊದಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಎಡತೋಳಿನ ಬಿ.ಸಿ.ಜಿ. ಗುರುತು ಕೆಲವು ವಾರಗಳಲ್ಲಿ ಗುಳ್ಳೆಯಾಗಿ ಒಡೆದು ಕಲೆಯಾಗಿ ಉಳಿಯುತ್ತದೆ. ಅದಕ್ಕೆ ಮುಲಾಮು ಬೇಡ. ಜ್ವರ ಹೆಚ್ಚಾದರೆ, ಮಗು ಹಾಲು ಕುಡಿಯದೆ ಮಂಕಾದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಹೆಚ್ಚಿನ ಕೂಸುಗಳ ತಪಾಸಣೆ "ಎಲ್ಲ ಸರಿಯಾಗಿದೆ" ಎಂಬ ಮಾತಿನಲ್ಲಿಯೇ ಮುಗಿಯುತ್ತದೆ. ಆ ಮಾತನ್ನು ಕೇಳಿದ ತಾಯಿಗೆ ನೆರೆಮನೆಯವರ ಟೀಕೆ ಮತ್ತೆ ನಿದ್ದೆಗೆಡಿಸದು. ಸರಿಯಿಲ್ಲದ ಒಂದೆರಡು ಕೂಸುಗಳಿಗೋ, ಆ ಅರ್ಧ ಗಂಟೆ ಇಡೀ ಬಾಳಿನ ದಾರಿಯನ್ನೇ ತಿರುಗಿಸಬಲ್ಲುದು. ಕಾರ್ಡಿನಲ್ಲಿ ಬರೆದ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೂ ಈಗಲೇ ಗುರುತು ಮಾಡಿಡಿ.